ಬೀಡಾ ಮೇಲಿನ ‘ಚೆರ್ರಿ’ ನಮ್ಮ ಬೇಲಿಯ ಕರಂಡೆ!

ಕಮರ್ಷಿಯಲ್ ಸ್ಟ್ರೀಟಿನಲ್ಲಿ ಸಂಜೆ ದೀಪ ಹತ್ತಿದ ಮೇಲೆ ಬಟ್ಟೆ ಅಂಗಡಿ, ಬಳೆ ಅಂಗಡಿ, ಚಪ್ಪಲಿ ಅಂಗಡಿ ಎಲ್ಲ ಸುತ್ತಿ ಸುಸ್ತಾದ ಸಂಸಾರಗಳು ಕೊನೆಗೆ ಬಂದು ನಿಲ್ಲುವುದು ಬಾಯಿ ಸಿಹಿ ಮಾಡುವ ಕಡೆ. ಮಕ್ಕಳಿಗೆ ಐಸ್‌ಕ್ರೀಂ, ಅಮ್ಮನಿಗೆ ಕೇಕಿನ ತುಂಡು, ಯಜಮಾನರಿಗೆ ಸ್ವೀಟ್ ಬೀಡಾ. ಮೂರರ ತಲೆ ಮೇಲೂ ಒಂದೊಂದು ಕೆಂಪು ಗುಂಡು. ಅದೇನಪ್ಪಾ ಅಂತ ಕೇಳಿದರೆ ಎಳೆ ಮಗುವೂ ಹೇಳೀತು: ‘ಚೆರ್ರಿ!’

ಚೆರ್ರಿಯೂ ಇಲ್ಲ, ಗಿರ್ರಿಯೂ ಇಲ್ಲ. ಬಹುಪಾಲು ಅದು ನಮ್ಮ ನಾಡಿನ ಮುಳ್ಳುಬೇಲಿಯ ಕಾಯಿ. ದಕ್ಷಿಣ ಕನ್ನಡದವರು ಕರಂಡೆ ಅನ್ನುತ್ತಾರೆ. ಮಲೆನಾಡು, ಉತ್ತರ ಕರ್ನಾಟಕದ ಕಡೆ ಕವಳಿ, ಕೌಳಿ. ಉಪ್ಪಿನಕಾಯಿ ಜಾಡಿಯಲ್ಲಿ ಹುಳಿಯಾಗಿ ಕೂತರೆ ನಾವು ಮೂಗು ಮುರಿಯುತ್ತೇವೆ. ಅದೇ ಕಾಯಿ ಸಕ್ಕರೆ ಪಾಕದಲ್ಲಿ ಮುಳುಗಿ, ಕೆಂಪು ಬಣ್ಣ ಬಳಿದುಕೊಂಡು, ಇಂಗ್ಲಿಷ್ ಹೆಸರಿಟ್ಟುಕೊಂಡು ಬಂದರೆ ಮೇಲೆ ನಾಲ್ಕು ಕಾಸು ಕೊಟ್ಟು ಚಪ್ಪರಿಸುತ್ತೇವೆ! ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಸುಮ್ಮನೆ ಹುಟ್ಟಲಿಲ್ಲ.

ನಿಜವಾದ ಚೆರ್ರಿ ಕಾಶ್ಮೀರ, ಹಿಮಾಚಲಗಳ ಬೆಳೆ. ಆ ಮರಕ್ಕೆ ಚಳಿಗಾಲದಲ್ಲಿ ವಾರಗಟ್ಟಲೆ ಕೊರೆಯುವ ಚಳಿ ಬೇಕು. ಬೆಂಗಳೂರಿನ ಡಿಸೆಂಬರ್ ಚಳಿ ಸ್ವೆಟರ್ ವ್ಯಾಪಾರಕ್ಕೆ ಸಾಕಾದೀತು, ಚೆರ್ರಿ ಮರಕ್ಕೆ ಸಾಲದು. ಬೇಸಿಗೆಯಲ್ಲಿ ಕೆಲವೇ ವಾರ ಬರುವ ಹಣ್ಣು, ಬಂದಾಗಲೂ ಬೆಲೆ ಜಾಸ್ತಿ. ವರ್ಷವಿಡೀ ಬೇಕರಿಗೆ, ಬೀಡಾ ಅಂಗಡಿಗೆ ಅದನ್ನು ಒದಗಿಸೋಕೆ ಆದೀತಾ? ಅದಕ್ಕೇ ಕರಂಡೆ ಆ ಜಾಗಕ್ಕೆ ಬಂತು. ದಿಲ್‌ಪಸಂದ್ ಒಳಗಿನ ಬಣ್ಣ ಬಣ್ಣದ ಟೂಟಿ ಫ್ರೂಟಿ ಪರಂಗಿಕಾಯಿಯಿಂದ ಆದ ಹಾಗೆಯೇ ಇದೂ ಒಂದು ಕಥೆ.

ಇದರಲ್ಲಿ ನಷ್ಟ ಏನು ಅಂತೀರಾ? ತಿನ್ನೋದರಲ್ಲಿ ನಷ್ಟ ಇಲ್ಲ, ಗಿಡ ಗೊತ್ತಿಲ್ಲದೆ ಇರೋದರಲ್ಲಿ ಎರಡು ನಷ್ಟ ಇದೆ. ಒಂದು ಜೇಬಿಗೆ: ಹಿತ್ತಲಲ್ಲಿ ಬಿಟ್ಟಿ ಬೆಳೆಯೋದನ್ನು ಕಾಸು ಕೊಟ್ಟು ತರುತ್ತೇವೆ. ಇನ್ನೊಂದು ಜೀವಕ್ಕೆ: ಈ ಗಿಡದ ನೆಂಟರಲ್ಲಿ ಹಲವು ವಿಷದ ಗಿಡಗಳು. ‘ಇದೇ ಇರಬೇಕು’ ಅಂತ ಬೇರೆ ಕಾಯಿ ಬಾಯಿಗಿಟ್ಟರೆ ಆಸ್ಪತ್ರೆ ದಾರಿ ಹಿಡಿಯಬೇಕಾಗುತ್ತೆ.

ಹೆಸರು ಹತ್ತು, ಕಾಯಿ ಒಂದೇ

ದಂಡು ಪ್ರದೇಶ ಅಂದ ಮೇಲೆ ಐದಾರು ಭಾಷೆ ಒಟ್ಟಿಗೆ ಕಿವಿಗೆ ಬೀಳಬೇಕು. 1809ರಲ್ಲಿ ಇಲ್ಲಿ ಕಂಟೋನ್ಮೆಂಟ್ ಆದಾಗಿನಿಂದ ಹಾಗೇ ನಡೆದು ಬಂದಿದೆ. ಗಿಡದ ಹೆಸರಿನಲ್ಲೂ ಅದೇ ಗಲಾಟೆ. ತಮಿಳಿನವರಿಗೆ ಇದು ಕಳಾಕ್ಕಾಯ್. ತೆಲುಗಿನವರಿಗೆ ವಾಕ್ಕಾಯ. ಉರ್ದು, ಹಿಂದಿಯವರಿಗೆ ಕರೋಂದಾ. ಮರಾಠಿಯಲ್ಲಿ ಕರವಂದ. ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ಕರಮರ್ದ. ಇಂಗ್ಲಿಷರು ತಮಗೆ ಗೊತ್ತಿದ್ದ ಹಣ್ಣಿಗೆ ಹೋಲಿಸಿ ಬೆಂಗಾಲ್ ಕರೆಂಟ್ ಅಂದರು.

ಹೀಗಾಗಿ ರಸೆಲ್ ಮಾರ್ಕೆಟ್ ಸುತ್ತ ತಳ್ಳುಗಾಡಿಯಲ್ಲಿ ಈ ಕಾಯಿ ಕಂಡರೂ ‘ಕರಂಡೆ ಇದೆಯಾಣ್ಣ?’ ಅಂತ ಕೇಳಿದ ಗಿರಾಕಿಗೆ ‘ಇಲ್ಲ’ ಅನ್ನುವ ಉತ್ತರವೇ ಬಂದೀತು. ಅದೇ ಗಾಡಿಯ ಮುಂದೆ ನಿಂತು ‘ಕರೋಂದಾ ಹೈ ಕ್ಯಾ ಭಾಯ್?’ ಅಂದರೆ ತಕ್ಕಡಿ ಮೇಲೇಳುತ್ತೆ!

ಈ ಗೊಂದಲಕ್ಕೆ ಒಂದೇ ಪರಿಹಾರ: ವಿಜ್ಞಾನಿಗಳು ಇಟ್ಟ ಹೆಸರು. ಸ್ವೀಡನ್ ದೇಶದ ಲಿನ್ನೇಯಸ್ 1767ರಲ್ಲಿ ಇದಕ್ಕೆ ಕ್ಯಾರಿಸ್ಸಾ ಕರಂಡಾಸ್ ಎಂದು ಹೆಸರಿಟ್ಟ. ನಮ್ಮ ‘ಕರಂಡೆ’ಯೂ ಅದರಲ್ಲಿ ಕೇಳಿಸುತ್ತದಲ್ಲವೇ? ನರ್ಸರಿಗೆ ಹೋದಾಗ ಈ ಎರಡು ಪದ ಚೀಟಿಯಲ್ಲಿ ಬರೆದುಕೊಂಡು ಹೋದರೆ ಯಾವ ಭಾಷೆಯವನಾದರೂ ಸರಿಯಾದ ಗಿಡ ಕೊಟ್ಟಾನು.

ಕಾಯಿ ಚೆರ್ರಿಯಾಗುವ ಬಗೆ

ಕರಂಡೆ ಪೂರ್ತಿ ಹಣ್ಣಾದರೆ ಕಡುನೇರಳೆ, ಕಪ್ಪು. ಆ ಹಣ್ಣು ಚೆರ್ರಿಗೆ ಬರೋದಿಲ್ಲ. ಬಲಿತು ಇನ್ನೂ ಹಣ್ಣಾಗದ, ಬಿಳಿ ಮೈಗೆ ಗುಲಾಬಿ ಛಾಯೆ ತಿರುಗಿದ ಕಾಯಿಯೇ ಬೇಕು. ಅದನ್ನು ಉಪ್ಪುನೀರಿನಲ್ಲಿ ದಿನಗಟ್ಟಲೆ ನೆನೆಹಾಕುತ್ತಾರೆ. ಅಂಟು, ಒಗರು, ಹುಳಿ ಇಳಿಯುತ್ತೆ. ಬದಿ ಸೀಳಿ ಬೀಜ ತೆಗೆಯುತ್ತಾರೆ. ಬೇಯಿಸಿ, ಉಪ್ಪು ಹೋಗುವಂತೆ ತೊಳೆದು, ತೆಳು ಸಕ್ಕರೆ ಪಾಕದಲ್ಲಿ ಹಾಕುತ್ತಾರೆ. ದಿನ ದಿನಕ್ಕೂ ಪಾಕವನ್ನು ಗಟ್ಟಿ ಮಾಡುತ್ತಾ ಹೋಗಿ, ಕೊನೆಗೆ ನೂರಕ್ಕೆ 70 ಭಾಗ ಸಕ್ಕರೆ ಆಗುವ ಹೊತ್ತಿಗೆ ಕಾಯಿಯ ಒಳಗೆಲ್ಲ ಸಕ್ಕರೆ ತುಂಬಿ ಅದು ಕೆಡದ ಹಾಗೆ ಆಗುತ್ತದೆ. ಒಂದೇ ದಿನ ಗಟ್ಟಿ ಪಾಕಕ್ಕೆ ಹಾಕಿದರೆ ಕಾಯಿ ಸುಕ್ಕುಗಟ್ಟಿ ಒಣದ್ರಾಕ್ಷಿಯಂತಾಗುತ್ತೆ. ಅದಕ್ಕೇ ಈ ತಾಳ್ಮೆ.

ಕೆಂಪು ಬಣ್ಣ ಎಲ್ಲಿಂದ? ಬಣ್ಣ ಹಾಕಿದ್ದೇ. ಉಪ್ಪುನೀರಿನಲ್ಲಿ ಬಿಳಿಚಿದ ಕಾಯಿ ಯಾವ ಬಣ್ಣ ಕೊಟ್ಟರೂ ಹಿಡಿಯುತ್ತದೆ. ಬೇಕರಿಯಲ್ಲಿ ಸಿಗುವ ಹಸಿರು ‘ಚೆರ್ರಿ’, ಹಳದಿ ‘ಚೆರ್ರಿ’ ಕೂಡ ಇದೇ. ಕೆಂಪಿಗೆ ಸಾಮಾನ್ಯವಾಗಿ ಬಳಸುವುದು ಎರಿಥ್ರೋಸಿನ್ ಎಂಬ ಬಣ್ಣ. ಅದು ಕಾನೂನು ಒಪ್ಪಿದ ಬಣ್ಣಗಳಲ್ಲಿ ಒಂದು, ಆದರೆ ಮಿತಿ ಇದೆ.

ಮಿತಿ ಮೀರಿದರೆ? ಅಲ್ಲೇ ತಂಟೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಕಾಟನ್ ಕ್ಯಾಂಡಿ, ಗೋಬಿ ಮಂಚೂರಿಗಳಿಗೆ ಕೃತಕ ಬಣ್ಣ ಹಾಕೋದನ್ನು ನಿಷೇಧಿಸಿತು. ಬಟ್ಟೆಗೆ ಹಾಕುವ ರೊಡಮಿನ್-ಬಿ ಬಣ್ಣ ಸಿಕ್ಕಿದ್ದೇ ಕಾರಣ. ಅದೇ ವರ್ಷ ಆಹಾರ ಸುರಕ್ಷತಾ ಇಲಾಖೆ 235 ಕೇಕ್ ಮಾದರಿ ಪರೀಕ್ಷಿಸಿದಾಗ 223 ಸರಿಯಿದ್ದವು, 12ರಲ್ಲಿ ಕೃತಕ ಬಣ್ಣದ ದೋಷ ಕಂಡಿತು. ಕೇಕಿನ ಮೇಲಿನ ಗುಂಡನ್ನು ನೀರಿಗೆ ಹಾಕಿ, ಬಣ್ಣ ಬಿಟ್ಟರೆ ಕೆಟ್ಟದ್ದು ಅಂತ ತೀರ್ಮಾನಿಸುವವರಿದ್ದಾರೆ. ಅದು ತಪ್ಪು. ಒಪ್ಪಿತ ಬಣ್ಣವೂ ನೀರಿಗೆ ಬಿಡುತ್ತೆ. ಕಣ್ಣಿಗೆ ಗೊತ್ತಾಗೋದಿಲ್ಲ, ಪ್ರಯೋಗಾಲಯವೇ ಹೇಳಬೇಕು. ಅಂಗಡಿಯವರು ಬಿಡಿಬಿಡಿಯಾಗಿ ತರದೆ, ಚೀಟಿ ಅಂಟಿಸಿದ ಡಬ್ಬ ತರೋದೇ ಕ್ಷೇಮ. ಒಳಗೆ ಏನಿದೆ, ಯಾವ ಬಣ್ಣ ಅಂತ ಅದರ ಮೇಲೆ ಬರೆದಿರಲೇಬೇಕು.

ಮನೆಯಲ್ಲಿ ಪರೀಕ್ಷೆ ಮಾಡಬೇಕಾದ್ದು ಬೇರೆ. ಗುಂಡನ್ನು ಕತ್ತರಿಸಿ ನೋಡಿ. ನಿಜವಾದ ಚೆರ್ರಿಗೆ ಒಂದೇ ಒಂದು ಗಟ್ಟಿ ಓಟೆ, ಅದನ್ನು ತೆಗೆದ ಗುಳಿ ನಡುಮಧ್ಯೆ ಇರುತ್ತೆ. ಕರಂಡೆಗೆ ಬದಿಯಲ್ಲಿ ಸೀಳು. ಒಂದೊಂದು ಸಲ ಮರೆತು ಉಳಿದ ಚಪ್ಪಟೆ ಬೀಜವೂ ಹಲ್ಲಿಗೆ ಸಿಕ್ಕೀತು.

ಗಿಡದ ಐದು ಗುರುತು

ಇನ್ನು ಗಿಡದ ವಿಷಯ. ಎಂಟು ಹತ್ತು ಅಡಿ ಎತ್ತರಕ್ಕೆ ಬುಡದಿಂದಲೇ ಕವಲೊಡೆದು ಪೊದೆಯಾಗುವ ಗಿಡ. ವರ್ಷವಿಡೀ ಹಸಿರು. ಇದರ ಐದು ಗುರುತುಗಳನ್ನು ಬೆರಳೆಣಿಸಿ ಇಟ್ಟುಕೊಳ್ಳಿ.

ಒಂದು, ಮುಳ್ಳು. ಎಲೆಯ ಬುಡದಲ್ಲಿ ಜೋಡಿ ಜೋಡಿ, ಒಂದರಿಂದ ಎರಡು ಅಂಗುಲದ ಗಟ್ಟಿ ಮುಳ್ಳು. ಕೆಲವಕ್ಕೆ ತುದಿ ಕವಲು. ಚುಚ್ಚಿದರೆ ಅಮ್ಮಾ ಅನ್ನಬೇಕು.

ಎರಡು, ಎಲೆ. ಎದುರುಬದುರಾಗಿ ಜೋಡಿ. ಒಂದೂವರೆ ಎರಡು ಅಂಗುಲದ ಮೊಟ್ಟೆಯಾಕಾರ, ದಪ್ಪ, ಮೇಲ್ಗಡೆ ಎಣ್ಣೆ ಸವರಿದ ಹೊಳಪು.

ಮೂರು, ಹಾಲು. ಎಲೆ ಕಿತ್ತರೂ, ಕಾಯಿ ಕಿತ್ತರೂ ಬಿಳಿ ಹಾಲು ಒಸರುತ್ತೆ. ಕೈಗೆ ಹತ್ತಿದರೆ ಅಂಟು.

ನಾಲ್ಕು, ಹೂವು. ಟೊಂಗೆ ತುದಿಯಲ್ಲಿ ಗೊಂಚಲು. ಐದು ಎಸಳಿನ ಬಿಳಿ ನಕ್ಷತ್ರ, ಕೆಲವಕ್ಕೆ ನಸುಗುಲಾಬಿ ಬಣ್ಣದ ಕೊಳವೆ. ಪರಿಮಳ ಮಲ್ಲಿಗೆಯ ಹತ್ತಿರದ್ದು. ನಮ್ಮ ಕಡೆ ಮಾಗಿ ಚಳಿ ಕಳೆದು ಬಿಸಿಲು ಏರುವ ದಿನಗಳಲ್ಲಿ ಹೂ ಜೋರು. ಬೇಲಿಯ ಪಕ್ಕ ಹಾದು ಹೋಗುವವನು ‘ಮಲ್ಲಿಗೆ ಎಲ್ಲಿದೆ?’ ಅಂತ ತಿರುಗಿ ನೋಡಬೇಕು.

ಐದು, ಕಾಯಿ. ಗೊಂಚಲಿಗೆ ಮೂರರಿಂದ ಹತ್ತು. ಗೋಲಿಗಿಂತ ತುಸು ದೊಡ್ಡದು. ಹಸಿರು ಅಥವಾ ಬಿಳಿ, ಆಮೇಲೆ ಗುಲಾಬಿ, ಕೊನೆಗೆ ನೇರಳೆಗಪ್ಪು. ಒಳಗೆ ನಾಲ್ಕಾರು ಚಪ್ಪಟೆ ಬೀಜ. ಒಂದೇ ಗಟ್ಟಿ ಓಟೆ ಇದ್ದರೆ ಅದು ಕರಂಡೆಯಲ್ಲ.

ಐದೂ ಸೇರಬೇಕು. ನಾಲ್ಕು ಸರಿ ಇದ್ದು ಒಂದು ತಪ್ಪಿದರೂ ಬಾಯಿಗೆ ಇಡುವಂತಿಲ್ಲ.

ಬೆಳ್ಳಗಿರೋದೆಲ್ಲ ಹಾಲಲ್ಲ

ಕರಂಡೆಯ ಕುಟುಂಬ ಕಣಗಿಲೆಯದು. ಆ ವಂಶದಲ್ಲಿ ಹಾಲು ಅಂದರೆ ಬಹುಮಟ್ಟಿಗೆ ವಿಷ ಅಂತಲೇ ಲೆಕ್ಕ. ಕರಂಡೆ ಆ ಮನೆಯ ಸಾಧು ಮಗ. ಅಣ್ಣತಮ್ಮಂದಿರನ್ನು ನೋಡಿಕೊಳ್ಳಬೇಕು.

ಮೊದಲನೆಯದು ಹಳದಿ ಕಣಗಿಲೆ. ಪಾರ್ಕುಗಳಲ್ಲಿ, ದೇವಸ್ಥಾನದ ಅಂಗಳದಲ್ಲಿ, ರಸ್ತೆ ನಡುವಿನ ಪಟ್ಟಿಯಲ್ಲಿ ಎಲ್ಲೆಲ್ಲೂ ಇದೆ. ಹಾಲು ಇದೆ, ಹಸಿರು ಕಾಯಿ ಇದೆ, ಹಣ್ಣಾದರೆ ಕಪ್ಪಗಾಗುವುದೂ ಇದೆ. ಆದರೆ ಎಲೆ ಉದ್ದ, ಕಿರಿದು. ಹೂ ಹಳದಿ ಗಂಟೆ. ಕಾಯಿ ಮೂಲೆಮೂಲೆಯಾಗಿ ಚಪ್ಪಟೆ. ಮುಳ್ಳಿಲ್ಲ. ಇದರ ಬೀಜ ನೇರ ಹೃದಯಕ್ಕೆ ಹೊಡೆಯುತ್ತೆ. ಜೀವ ತೆಗೆದ ಗಿಡ ಇದು.

ಎರಡನೆಯದು ಅಪರೂಪ, ಆದರೆ ಹೆಚ್ಚು ಮೋಸ: ಅಕೊಕಾಂಥೆರಾ ಎಂಬ ಆಫ್ರಿಕದ ತೋಟದ ಗಿಡ. ಹೂವೂ ಬಿಳಿ-ಗುಲಾಬಿ, ಪರಿಮಳವೂ ಇದೆ, ಎಲೆಯೂ ಹೊಳೆಯುತ್ತೆ, ಹಣ್ಣೂ ನೇರಳೆ. ಆಫ್ರಿಕದ ಬೇಟೆಗಾರರು ಬಾಣದ ತುದಿಗೆ ಸವರುತ್ತಿದ್ದ ವಿಷ ಈ ಜಾತಿಯ ಗಿಡಗಳದ್ದು! ಒಂದೇ ಒಂದು ವ್ಯತ್ಯಾಸ ಕಾಪಾಡುತ್ತದೆ: ಅದಕ್ಕೆ ಮುಳ್ಳಿಲ್ಲ. ಹಾಗಾಗಿ ‘ಹಾಲಿದ್ದು ಮುಳ್ಳಿಲ್ಲದ್ದು ಮುಟ್ಟಬೇಡ’ ಅಂತ ಮಕ್ಕಳಿಗೆ ಬಾಯಿಪಾಠ ಮಾಡಿಸಿದರೆ ಒಳ್ಳೇದು.

ಮೂರನೆಯದು ಡ್ಯುರಾಂಟಾ. ಮುಳ್ಳು ಇರಬಹುದು, ಬೇಲಿಗೂ ಹಾಕುತ್ತಾರೆ. ಆದರೆ ಹಾಲಿಲ್ಲ, ಹೂ ನೀಲಿ, ಕಾಯಿ ಹಳದಿ ಮಣಿಗಳ ಹಾಗೆ ಜೋತು ಬೀಳುತ್ತೆ. ಆ ಮಣಿಗಳೂ ವಿಷ.

ಪರಿಮಳ ನಂಬಿ ಮೋಸ ಹೋಗುವ ಇನ್ನೊಂದು ಗಿಡ ಕಾಮಿನಿ, ಅಂದರೆ ಕಾಡು ಕರಿಬೇವು. ಬೆಂಗಳೂರಿನ ಹಳೇ ಕಾಂಪೌಂಡುಗಳಲ್ಲಿ ಬೇಲಿಯಾಗಿ ಕತ್ತರಿಸಿ ಬೆಳೆಸಿದ್ದು ಇದೇ. ಬಿಳಿ ಹೂ, ಘಮಘಮ, ಕೆಂಪು ಹಣ್ಣು. ಆದರೆ ಎಲೆ ಕರಿಬೇವಿನ ಹಾಗೆ ಕಡ್ಡಿಗೆ ಸಾಲಾಗಿ ಜೋಡಿಸಿರುತ್ತೆ. ಹಾಲೂ ಇಲ್ಲ, ಮುಳ್ಳೂ ಇಲ್ಲ. ಅದು ನೋಡೋಕೆ, ಮೂಸೋಕೆ ಮಾತ್ರ.

ನರ್ಸರಿಯಲ್ಲಿ ಬರೀ ‘ಕ್ಯಾರಿಸ್ಸಾ’ ಅಂದರೆ ದಕ್ಷಿಣ ಆಫ್ರಿಕದ ನೇಟಾಲ್ ಪ್ಲಮ್ ಕೊಟ್ಟರೂ ಕೊಟ್ಟರು. ಅದು ಕರಂಡೆಯ ಸೋದರಿ. ಹೂ ದೊಡ್ಡದು, ಮುಳ್ಳು ಕವಣೆ ಕಡ್ಡಿಯಂತೆ ಕವಲು, ಹಣ್ಣು ಎರಡು ಅಂಗುಲದ ತನಕ, ಕೆಂಪು. ಕಳಿತ ಹಣ್ಣು ತಿನ್ನಬಹುದು. ಉಪ್ಪಿನಕಾಯಿಗೆ ಮಾತ್ರ ನಮ್ಮ ಕರಂಡೆಯೇ ಬೇಕು. ಇನ್ನು ಕುರುಚಲು ಕಾಡಿನಲ್ಲಿ ಸಿಗುವ ಸಣ್ಣ ಕಪ್ಪು ಕವಳಿ ಹಣ್ಣು ಇದೇ ಜಾತಿಯ ಕಾಡು ತಂಗಿ. ದನ ಕಾಯುವ ಹುಡುಗರ ಬಾಯಿ ನೇರಳೆ ಮಾಡುವುದು ಅದೇ.

ತಪ್ಪಿ ಬೇರೆ ಕಾಯಿ ತಿಂದರೆ ಮನೆಮದ್ದು ಅಂತ ಹೊತ್ತು ಕಳೆಯಬಾರದು. ಶಿವಾಜಿನಗರದವರಿಗೆ ಬೌರಿಂಗ್ ಆಸ್ಪತ್ರೆ ಹತ್ತಿರ. ಹೋಗುವಾಗ ಆ ಗಿಡದ ಒಂದು ರೆಂಬೆ ಜೊತೆಗೇ ಒಯ್ದರೆ ವೈದ್ಯರಿಗೆ ಅರ್ಧ ಕೆಲಸ ಉಳಿಯುತ್ತೆ.

ಬೆಳೆಸೋದು ಬಹಳ ಸುಲಭ

ಕಮರ್ಷಿಯಲ್ ಸ್ಟ್ರೀಟಿನಲ್ಲಿ ಗಿಡ ನೆಡೋಕೆ ಅಡಿ ಜಾಗ ಇಲ್ಲ, ನಿಜ. ಆದರೆ ಇಲ್ಲಿ ಗಲ್ಲಾ ಮೇಲೆ ಕೂರುವವರು, ಇಲ್ಲಿಂದ ಶಿವಾಜಿನಗರಕ್ಕೆ ನಡೆದು ಬಸ್ ಹಿಡಿಯುವವರು ರಾತ್ರಿ ಹೋಗಿ ಸೇರುವುದು ಕೆ.ಆರ್. ಪುರ, ಹೊಸಕೋಟೆ ಕಡೆಗೂ ಅಲ್ಲವೇ? ಅಲ್ಲಿ ಸೈಟು ಮಾಡಿ ಬೇಲಿ ಹಾಕದೆ ಬಿಟ್ಟವರು ಎಷ್ಟು ಜನ! ಅವರಿಗೆ ಹೇಳಿ ಮಾಡಿಸಿದ ಗಿಡ ಇದು.

ಮಳೆ ಹಿಡಿದ ಮೇಲೆ, ಜೂನ್‌ನಿಂದ ಆಗಸ್ಟ್ ಒಳಗೆ ನೆಡಬೇಕು. ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ. ಮೇಲ್ಮಣ್ಣಿಗೆ ಒಂದು ಮಂಕರಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಬೇಲಿಗಾದರೆ ಎರಡರಿಂದ ಮೂರು ಅಡಿಗೆ ಒಂದು ಸಸಿ. ಹಣ್ಣಿಗಾಗಿ ಒಂಟಿ ಗಿಡ ಬೇಕಾದರೆ ಸುತ್ತ ಆರರಿಂದ ಎಂಟು ಅಡಿ ಬಿಡಿ. ಬಿಸಿಲು ಬೇಕೇ ಬೇಕು. ನೆರಳಲ್ಲಿ ಗಿಡ ಬದುಕೀತು, ಹೂ ಬಿಡದು. ಮಣ್ಣು ಕಲ್ಲುಮಿಶ್ರಿತ ಕೆಂಪು ಆದರೂ ಸರಿ, ನೀರು ನಿಲ್ಲಬಾರದು ಅಷ್ಟೆ.

ಮೊದಲ ವರ್ಷ ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು. ಆಮೇಲೆ ತನ್ನ ಪಾಡಿಗೆ ತಾನು ಬದುಕುವ ಗಿಡ. ಟ್ಯಾಂಕರ್ ನೀರಿಗೆ ದುಡ್ಡು ಸುರಿಯುವ ಪೂರ್ವದ ಬಡಾವಣೆಗಳಿಗೆ ಇದಕ್ಕಿಂತ ಒಳ್ಳೆ ಗಿಡ ಬೇಕೆ? ನೀರು, ಗೊಬ್ಬರ ಜಾಸ್ತಿ ಸುರಿದರೆ ಬರೀ ಎಲೆ ಬರುತ್ತೆ. ಕಾಯಿ ಕಿತ್ತ ಮೇಲೆ ಒಣ ಕಡ್ಡಿ ತೆಗೆದು ಸವರಬೇಕು. ಹೊಸ ಚಿಗುರಿನ ತುದಿಯಲ್ಲಿ ಹೂ ಬರುತ್ತೆ, ಹೂ ಬಿಡುವ ಹೊತ್ತಿಗೆ ಕತ್ತರಿ ಹಾಕಿದರೆ ಆ ವರ್ಷದ ಕಾಯಿಗೆ ಕತ್ತರಿ.

ಬೀಜದಿಂದಲೇ ಮಾಡೋದಾದರೆ ಕಪ್ಪಾದ ಹಣ್ಣಿನ ಬೀಜ ತೊಳೆದು ಕೂಡಲೇ ಹಾಕಬೇಕು. ಒಣಗಿಸಿ ಇಟ್ಟರೆ ಮೊಳೆಯುವ ಶಕ್ತಿ ಬೇಗ ಹೋಗುತ್ತೆ. ಕಡ್ಡಿ ನೆಟ್ಟರೆ ಸುಲಭವಾಗಿ ಬೇರು ಬಿಡೋದಿಲ್ಲ. ಮಳೆಗಾಲದಲ್ಲಿ ಟೊಂಗೆಗೆ ಪಾಚಿ ಕಟ್ಟಿ ಗೂಟಿ ಮಾಡಿದರೆ ಬರುತ್ತೆ. ಬೀಜದ ಗಿಡ ಮೂರನೇ ವರ್ಷಕ್ಕೆ ಕಾಯಿ ಹಿಡಿಯುತ್ತೆ. ಚೆನ್ನಾಗಿ ಬೆಳೆದ ಗಿಡಕ್ಕೆ ಮೂರರಿಂದ ಐದು ಕಿಲೋ ಕಾಯಿ. ಪಂತನಗರದ ಕೃಷಿ ವಿಶ್ವವಿದ್ಯಾಲಯ ಪಂತ್ ಮನೋಹರ್, ಪಂತ್ ಸುದರ್ಶನ್, ಪಂತ್ ಸುವರ್ಣ ಅನ್ನುವ ತಳಿಗಳನ್ನೂ, ದಾಪೋಲಿಯವರು ಕೊಂಕಣ್ ಬೋಲ್ಡ್ ಅನ್ನುವ ದೊಡ್ಡ ಕಾಯಿಯ ತಳಿಯನ್ನೂ ಕೊಟ್ಟಿದ್ದಾರೆ. ಲಾಲ್‌ಬಾಗಿನ ನರ್ಸರಿ ಸಹಕಾರ ಸಂಘದಲ್ಲೋ, ಜಿಕೆವಿಕೆಯಲ್ಲೋ ವಿಚಾರಿಸಬಹುದು.

ಬಾಡಿಗೆ ಮನೆಯವರು ಬೇಸರಪಡಬೇಕಿಲ್ಲ. ಖಾಲಿ ಪೇಂಟ್ ಡಬ್ಬದ ತಳಕ್ಕೆ ತೂತು ಮಾಡಿ ತಾರಸಿ ಮೇಲಿಟ್ಟರೆ ಅಲ್ಲೂ ಬರುತ್ತೆ. ಮಕ್ಕಳು ಓಡಾಡುವ ಮೂಲೆಯಲ್ಲಿ ಮಾತ್ರ ಬೇಡ, ಮುಳ್ಳು ಕಣ್ಣಿನ ಎತ್ತರಕ್ಕೇ ಬರುತ್ತೆ.

ಕಿತ್ತ ಕಾಯಿಯ ಅಂಟು ಬಿಡಿಸೋದು ಹೇಗೆ ಅಂತ ಕರಾವಳಿಯ ಅಮ್ಮಂದಿರನ್ನು ಕೇಳಬೇಕು. ಕೈಗೂ ಚಾಕುವಿಗೂ ಎಣ್ಣೆ ಸವರಿಕೊಂಡು ಕತ್ತರಿಸುತ್ತಾರೆ. ಉಪ್ಪಿನಲ್ಲಿ ಹಾಕಿಟ್ಟರೆ ಒಗರು ಇಳಿದು ವರ್ಷದ ಉಪ್ಪಿನಕಾಯಿ. ತೆಲುಗಿನವರು ಬೇಳೆ ಜೊತೆ ಬೇಯಿಸಿ ಪಪ್ಪು ಮಾಡುತ್ತಾರೆ, ಹುಣಸೆಹಣ್ಣಿನ ಖರ್ಚು ಉಳಿಯಿತು. ಹಣ್ಣಿನಲ್ಲಿ ಪೆಕ್ಟಿನ್ ಜಾಸ್ತಿ, ಸಕ್ಕರೆ ಹಾಕಿ ಕಾಯಿಸಿದರೆ ಜೆಲ್ಲಿ ತಾನಾಗಿ ಗಟ್ಟಿಯಾಗುತ್ತೆ.

ಸಾಮ್ರಾಜ್ಯಕ್ಕೇ ಬೇಲಿಯಾಗಿದ್ದ ಗಿಡ

ಮುಳ್ಳುಗಿಡದ ಬೇಲಿ ಗಟ್ಟಿಯೇ ಅಂತ ಅನುಮಾನಿಸುವವರಿಗೆ ಒಂದು ಹಳೇ ಸಂಗತಿ. ಬ್ರಿಟಿಷರು ಉಪ್ಪಿನ ಮೇಲೆ ಸುಂಕ ಹಾಕಿ, ಕಳ್ಳ ಸಾಗಣೆ ತಡೆಯೋಕೆ ಸಿಂಧೂ ನದಿ ಕಡೆಯಿಂದ ಒಡಿಶಾದ ತನಕ ಸುಂಕದ ಗಡಿ ಎಳೆದಿದ್ದರು. ಆ ಗಡಿಯ ಉದ್ದಕ್ಕೂ ನೂರಾರು ಮೈಲಿ ಜೀವಂತ ಬೇಲಿ ಬೆಳೆಸಿದ್ದರು. ಜಾಲಿ, ಬೋರೆ, ಪಾಪಾಸುಕಳ್ಳಿಯ ಜೊತೆಗೆ ನೆಟ್ಟ ಗಿಡಗಳಲ್ಲಿ ನಮ್ಮ ಕರಂಡೆಯೂ ಒಂದು. ಮನುಷ್ಯ, ಎತ್ತು ನುಸುಳದಷ್ಟು ಒತ್ತಾಗಿತ್ತು. 1879ರಲ್ಲಿ ಆ ಸುಂಕದ ಗಡಿಯನ್ನು ಕೈಬಿಟ್ಟರು, ಬೇಲಿ ಹಾಳಾಯಿತು. ಬಡವನ ಉಪ್ಪಿಗೆ ಅಡ್ಡ ನಿಂತ ಪಾಪ ಗಿಡದ್ದಲ್ಲ, ನೆಟ್ಟವರದ್ದು. ಆದರೆ ಸಾಮ್ರಾಜ್ಯದ ಗಡಿ ಕಾದ ಗಿಡ ಮೂವತ್ತು-ನಲವತ್ತರ ಸೈಟು ಕಾಯಲಾರದೇ?

ಕೊನೇ ಮಾತು ಅಂಗಡಿಯವರಿಗೆ. ‘ಚೆರ್ರಿ’ ಅಂತ ಮಾರುವುದನ್ನು ‘ಕರಂಡೆ ಚೆರ್ರಿ’ ಅಂತ ಒಂದು ಚೀಟಿ ಬರೆದು ಮಾರಿದರೆ ಗಿರಾಕಿ ಓಡಿಹೋಗುವುದಿಲ್ಲ. ‘ಇದೇನಣ್ಣ?’ ಅಂತ ಕೇಳಿಯಾನು, ಕೇಳಿದವನು ಕೊಳ್ಳುತ್ತಾನೆ. ಊರಿನ ರೈತನ ಕಾಯಿಗೆ ಊರಿನ ಹೆಸರೇ ಸಿಗುತ್ತೆ.

ಬಸ್ಸಿನವರಿಗೂ ಒಂದು ಮಾತು. ನರ್ಸರಿಯಿಂದ ಸಸಿ ತರುವಾಗ ಗೋಣಿತಟ್ಟು ಸುತ್ತಿಕೊಂಡು ಹತ್ತಿ. ಇಲ್ಲದಿದ್ದರೆ ಪಕ್ಕದಲ್ಲಿ ನಿಂತವರು ಐದು ಗುರುತುಗಳಲ್ಲಿ ಮೊದಲನೆಯದನ್ನು ಅಲ್ಲೇ ಕಲಿತುಬಿಡುತ್ತಾರೆ!